ಹಾಲುಕ್ಕಿಸಿದ ಉರಿ

ಆ ದಿನ ಉರಿದದ್ದು ಸಗಣಿಯಿಂದ ಹುಟ್ಟಿದ ಗ್ಯಾಸಲ್ಲ. ಅದು ನಮ್ಮ ಮನೆಯ ಅಡುಗೆ ಸಿಲಿಂಡರಿನದು. ಸಿಲಿಂಡರನ್ನು ಮೇವಿನ ಕೋಣೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟವನು ನಾನು, ಪೈಪಿಗೆ ಜೋಡಿಸಿದವನು ನಾನು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿದವನೂ ನಾನೇ. ಮುಂದೆ ಅದೇ ಉರಿಯನ್ನು ಸಾಕ್ಷಿ ಮಾಡಿಕೊಂಡು ಒಬ್ಬರ ಕಸುಬನ್ನು ಕಿತ್ತುಕೊಂಡಾಗ, ನಾನು ಬಾಯಿ ಬಿಟ್ಟಿದ್ದರೆ ಒಂದೇ ಮಾತಿನಲ್ಲಿ ಅವರು ಉಳಿಯುತ್ತಿದ್ದರು. ಬಾಯಿ ಬಿಟ್ಟೆ ನಿಜ — ಆದರೆ ಬೇರೆ ಮಾತಿಗೆ.

ಎಂಬತ್ತರ ದಶಕದ ನಡುವಿನ ಸಂಗತಿ. ನಾನಾಗ ಬಂಗಾರಪೇಟೆಯಲ್ಲಿ ಸಣ್ಣ ಕೈಗಾರಿಕೆಗಳ ಕೆಲಸ ನೋಡಿಕೊಳ್ಳುವ ವಿಸ್ತರಣಾಧಿಕಾರಿ. ಇಲಾಖೆಯ ಹೆಸರು ಬೇಡ. ಇಲಾಖೆಗೆ ಕೈಯಿಲ್ಲ, ಮಾಡಿದ್ದು ನನ್ನ ಕೈ. ಚಿನ್ನದ ಗಣಿಯಲ್ಲಿ ಅಗೆದಷ್ಟೂ ಚಿನ್ನ ಕಡಿಮೆಯಾಗುತ್ತಿದ್ದ ಕಾಲ. ಇವತ್ತಲ್ಲ ನಾಳೆ ಇದು ಮುಚ್ಚುತ್ತದೆ ಎಂದು ಊರಿಗಾಂ, ನಂದಿದುರ್ಗದ ಲೈನುಗಳಲ್ಲಿ — ಕಾರ್ಮಿಕರ ಸಾಲುಮನೆಗಳಿಗೆ ಅಲ್ಲಿ ಲೈನು ಎನ್ನುತ್ತಾರೆ — ಎಲ್ಲರಿಗೂ ಗೊತ್ತಿತ್ತು, ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಇತ್ತ ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಸೌದೆಗೆ ಮರವೇ ಉಳಿದಿರಲಿಲ್ಲ. ಹೆಂಗಸರು ಹೊಗೆಯಲ್ಲಿ ಕೆಮ್ಮುತ್ತ ರಾಗಿ ಮುದ್ದೆ ತಿರುವುತ್ತಿದ್ದರು. ಇವೆರಡನ್ನೂ ಸೇರಿಸಿ ಗಂಟು ಹಾಕುವ ಯೋಜನೆಯೊಂದು ಮೇಲಿನಿಂದ ಬಂತು. ಹಳ್ಳಿ ಹಳ್ಳಿಗೆ ಗೋಬರ್ ಗ್ಯಾಸು. ಅದಕ್ಕೆ ಬೇಕಾದ ಕಬ್ಬಿಣದ ಡ್ರಮ್ಮುಗಳನ್ನು ಗಣಿಯ ಬೆಸುಗೆಗಾರರೇ ಮಾಡಬೇಕು. ಶೆಡ್ಡು, ಯಂತ್ರ, ತರಬೇತಿ ಎಲ್ಲ ಸರ್ಕಾರದ್ದು; ಮೊದಲ ಗಿರಾಕಿಯೂ ಸರ್ಕಾರವೇ. ಚಿನ್ನ ಮುಗಿದ ಊರಿನಲ್ಲಿ ಹೊಗೆಯಿಲ್ಲದ ಒಂದು ಕಸುಬು ಹುಟ್ಟಬೇಕು ಎಂಬುದು ಆಸೆ. ಇವತ್ತಿಗೂ ಹೇಳುತ್ತೇನೆ, ಯೋಜನೆ ಚೆನ್ನಾಗಿತ್ತು. ಕೆಟ್ಟ ಯೋಜನೆಯನ್ನು ಕೆಡಿಸಿದ್ದರೆ ನನಗೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ.

ನನಗೊಬ್ಬ ಬೆಸುಗೆಗಾರ ಬೇಕಿತ್ತು. ನಂದಿದುರ್ಗದ ಗಣಿಯ ವರ್ಕ್‌ಶಾಪಿನಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳಿದರು — ಆರುಮುಗಂ ಮೇಸ್ತ್ರಿ. ಗಣಿಯೊಳಗೆ ಜನರನ್ನು ಇಳಿಸುವ ಪಂಜರಕ್ಕೆ ಬೆಸುಗೆ ಹಾಕುತ್ತಿದ್ದವರು ಅವರು. ಅವರ ಬೆಸುಗೆಯ ಒಂದು ಗೆರೆ ಬಿಟ್ಟುಕೊಂಡರೆ ಹತ್ತಿಪ್ಪತ್ತು ಜೀವ ಪಾತಾಳಕ್ಕೆ ಹೋಗುವ ಕೆಲಸ. ನಾನು ಅವರ ಮನೆಗೆ ಮೂರು ಸಲ ಹೋದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಕಾಫಿ ಕೊಟ್ಟು ಸುಮ್ಮನೆ ಕೂತರು. ಮಾತಾಡಿದ್ದು ಅವರ ಹೆಂಡತಿ ಕಮಲಾ.

"ಕಂಪನಿ ಕೆಲ್ಸ ಬಿಟ್ರೆ ಈ ಮನೆನೂ ಬಿಡ್ಬೇಕಲ್ಲ ಸಾರ್. ನಿಮ್ ಗೌರ್ಮೆಂಟು ನಾಳೆ ಬ್ಯಾಡ ಅಂದ್ರೆ ನಾವ್ ಎಲ್ಲಿ ಓಗೋದು?"

"ಸರ್ಕಾರ ನಿಮ್ಮ ಬೆನ್ನಿಗಿರುತ್ತೆ, ಅಮ್ಮ. ನಾನಿದ್ದೀನಿ," ಎಂದೆ.

ಸರ್ಕಾರದ ಮಾತು ಹಾಗಿರಲಿ, ಆ ಹೆಂಗಸು ನಂಬಿದ್ದು 'ನಾನಿದ್ದೀನಿ' ಎಂದದ್ದನ್ನು. ಮುಂದಿನ ತಿಂಗಳು ಮೇಸ್ತ್ರಿ ಗಣಿಯ ಕೆಲಸ ಬಿಟ್ಟರು. ಸಂಸಾರವನ್ನು ಅದೇ ಲೈನಿನಲ್ಲಿದ್ದ ಕಮಲಾ ಅವರ ತಮ್ಮನ ಮನೆಗೆ ಸಾಗಿಸಿ, ದಿನಾ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಸರ್ಕಾರಿ ಶೆಡ್ಡಿಗೆ ಬರತೊಡಗಿದರು. ಲೈನಿನ ಇನ್ನೂ ಕೆಲವರು ಅವರ ಹಿಂದೆಯೇ ಬರಲು ತಯಾರಾಗಿ ಕಾದು ನಿಂತಿದ್ದರು — ಮೊದಲ ಡ್ರಮ್ಮು ಏನಾಗುತ್ತದೋ ನೋಡೋಣವೆಂದು.

ಆ ಮೊದಲ ಡ್ರಮ್ಮಿಗೆ ಅವರು ತೆಗೆದುಕೊಂಡ ಹೊತ್ತಿಗೆ ಮೂರು ಡ್ರಮ್ಮು ಮಾಡಬಹುದಿತ್ತು. ಒಂದೊಂದು ಗೆರೆಗೂ ಸೋಪಿನ ನೊರೆ ಹಚ್ಚಿ, ಒಳಗಿನಿಂದ ಗಾಳಿ ಕೊಟ್ಟು, ಬಗ್ಗಿ ಬಗ್ಗಿ ನೋಡುತ್ತಿದ್ದರು. "ಗುಳ್ಳೆ ಬಂದ್ರೆ ತೂತು ಸಾರ್. ಗುಳ್ಳೆ ಇಲ್ಲಾಂದ್ರೆ ಒಳ್ಗಿರೋದು ಒಳ್ಗೇ," ಎನ್ನುತ್ತಿದ್ದರು. ಬೇಗ ಆಗಲಿ ಮೇಸ್ತ್ರಿ ಎಂದು ನಾನು ಅವಸರಪಡಿಸಿದರೆ ನಕ್ಕುಬಿಡುತ್ತಿದ್ದರು. ಒಂದು ಗುಳ್ಳೆಯೂ ಬರಲಿಲ್ಲ. ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಡ್ರಮ್ಮು ಹೋದದ್ದು ಬಂಗಾರಪೇಟೆಯಿಂದ ಒಂದಷ್ಟು ದೂರದ ಹಳ್ಳಿಗೆ. ಇಡೀ ಊರಿಗೆ ಒಂದೇ ಗ್ಯಾಸು — ಮನೆಮನೆಯವರೂ ತಮ್ಮ ಕೊಟ್ಟಿಗೆಯ ಸಗಣಿ ತಂದು ಹಾಕಬೇಕು, ಎಲ್ಲರ ಒಲೆಗೂ ಪೈಪಿನಲ್ಲಿ ಉರಿ ಬರಬೇಕು. ಬಾವಿಯಂಥ ಒಂದು ಗುಂಡಿ, ಅದರಲ್ಲಿ ಸಗಣಿಯ ಬಗ್ಗಡ, ಅದರ ಮೇಲೆ ಬೋರಲಾಗಿ ತೇಲುವ ಡ್ರಮ್ಮು. ಬಗ್ಗಡ ಹುಳಿತು ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿಸಿದಂತೆ ಇಳಿಯುತ್ತದೆ. ಇಷ್ಟೇ ವಿದ್ಯೆ. ಇದನ್ನು ನಾನು ಹತ್ತು ದಿನದ ತರಬೇತಿಯಲ್ಲಿ ಕಲಿತು ಬಂದು ಊರವರಿಗೆ ಭಾಷಣ ಮಾಡಿದ್ದೆ.

ಒಂದನ್ನು ಮಾತ್ರ ನಾನೂ ನೋಡಿರಲಿಲ್ಲ, ನನ್ನ ಮೇಲಿನವರೂ ನೋಡಿರಲಿಲ್ಲ. ಉದ್ಘಾಟನೆ ಗೊತ್ತಾಗಿದ್ದು ಸಂಕ್ರಾಂತಿಗೆ ಸ್ವಲ್ಪ ಮುಂಚೆ. ಗುಂಡಿ ತುಂಬಬೇಕಾದದ್ದು ಧನುರ್ಮಾಸದಲ್ಲಿ. ನಮ್ಮ ಕಡೆ ಧನುರ್ಮಾಸವೆಂದರೆ ಹೆಂಗಸರು ಬೆಳಗಾಗುವ ಮೊದಲೇ ಎದ್ದು ಬಾಗಿಲು ಸಾರಿಸಿ, ರಂಗೋಲಿ ಇಟ್ಟು, ಸಗಣಿಯ ಉಂಡೆ ಕಟ್ಟಿ ಅದರ ನೆತ್ತಿಗೆ ಕುಂಬಳದ ಹೂ ಸಿಕ್ಕಿಸುವ ತಿಂಗಳು. ಗೊಬ್ಬೆಮ್ಮ ಅಂತಾರೆ ಅದಕ್ಕೆ, ಗೌರಿಯೇ ಅದು. ಇದ್ದ ಒಳ್ಳೆಯ ಸಗಣಿಯೆಲ್ಲ ಬಾಗಿಲಿಗೇ ಹೋಗುತ್ತಿತ್ತು. ಉಳಿದದ್ದರಲ್ಲಿ ತಿಪ್ಪೆಗೊಂದು ಪಾಲು, ಹಿಪ್ಪುನೇರಳೆ ತೋಟಕ್ಕೊಂದು ಪಾಲು. ಸಾಲದ್ದಕ್ಕೆ ಶುಕ್ರವಾರ ಮಂಗಳವಾರ ಒಂದು ಪುಟ್ಟಿಯೂ ಬರುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಮುನೆಮ್ಮ — ಊರಿನ ಹೆಂಗಸರಿಗೆಲ್ಲ ಹಿರಿಯಾಕೆ, ಯಾರಿಗೂ ಹೆದರುವವಳಲ್ಲ — ನನ್ನನ್ನೇ ಗದರಿಸಿದಳು.

"ಏನ್ ಸಾಮಿ ನೀವು, ಓದ್ಕೊಂಡೋರು! ಸುಕ್ರವಾರ ದಿನ ಸಗಣಿ ಮನೆಯಿಂದ ಆಚೆ ಕೊಡ್ತಾರಾ? ಸಗಣಿ ಜತೇಲಿ ಲಕ್ಷ್ಮೀನೂ ಒಂಟೋಯ್ತಾಳೆ ಅಷ್ಟೇ."

ತಪ್ಪು ಆಕೆಯದಲ್ಲ. ಹಬ್ಬ ಕಳೆಯಲಿ, ಚಳಿ ಇಳಿಯಲಿ, ಆಮೇಲೆ ತುಂಬೋಣ ಎಂದು ಆಕೆಯೇ ಹೇಳಿದ್ದಳು. ಸರ್ಕಾರದ ಹೆಸರಿನಲ್ಲಿ ಹಳ್ಳಿಗೆ ಹೋದವನು ಕೇಳಿಸಿಕೊಳ್ಳಬೇಕಾಗಿದ್ದ ಮಾತೆಂದರೆ ಅದೊಂದೇ. ನಾನು ಕೇಳಿಸಿಕೊಳ್ಳಲಿಲ್ಲ. ಉದ್ಘಾಟನೆಯ ದಿನ ಮುಂದೆ ಹಾಕಿ ಎಂದು ಮೇಲಕ್ಕೆ ಒಂದು ಸಾಲು ಬರೆಯುವ ಧೈರ್ಯ — ಇರಲಿ, ಆ ಮಾತು ಎತ್ತಿದರೆ ನಾನು ಸಮಜಾಯಿಷಿಗೆ ಇಳಿಯುತ್ತೇನೆ.

ಉದ್ಘಾಟನೆಗೆ ಮೂರು ದಿನ ಇರುವಾಗ ಡ್ರಮ್ಮು ಒಂದು ಮೊಳ ಎದ್ದಿತು. ನಾನು ಕುಣಿದಾಡಿದೆ. ಒಲೆಯ ತಿರುಪು ತಿರುವಿ ಕಡ್ಡಿ ಗೀರಿದರೆ ಉರಿ ಹತ್ತಲಿಲ್ಲ. ಬಂದ ಗಾಳಿ ಕಡ್ಡಿಯನ್ನೇ ಆರಿಸಿತು. ಹೊಸ ಗುಂಡಿಯಲ್ಲಿ ಮೊದಲು ಹುಟ್ಟುವುದು ಹಾಗೇ, ಉರಿಯದ ಗಾಳಿ. ಅದನ್ನು ಹೊರಗೆ ಬಿಟ್ಟು, ಇನ್ನೂ ಸಗಣಿ ಹಾಕಿ, ವಾರಗಟ್ಟಲೆ ಕಾಯಬೇಕು. ಆ ಮೂರು ದಿನವೂ ನಾನು ಗುಂಡಿಯ ಹತ್ತಿರ ಹೋಗಿ ನೋಡುತ್ತಿದ್ದೆ. ಎದ್ದ ಡ್ರಮ್ಮು ಒಂದು ಬೆರಳಷ್ಟೂ ಇಳಿಯಲಿಲ್ಲ. ಎಂದರೆ ಎಲ್ಲೂ ಸೋರುತ್ತಿರಲಿಲ್ಲ. ಡ್ರಮ್ಮು ಗಟ್ಟಿ ಎಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ, ಯಾಕೆಂದರೆ ಮೇಸ್ತ್ರಿ ಆಗ ಶೆಡ್ಡಿನಲ್ಲಿ ಎರಡನೆಯ ಡ್ರಮ್ಮಿನ ತಗಡು ಬಾಗಿಸುತ್ತಿದ್ದರು.

ನಮ್ಮ ದೊಡ್ಡ ಸಾಹೇಬರಿಗೆ ವಿಷಯ ತಿಳಿಸಿದೆ. ಅವರು ಮೇಜಿನಿಂದ ತಲೆಯೆತ್ತದೆ ಹೇಳಿದರು, "ಅವತ್ತು ನನಗೆ ಉರಿ ಬೇಕು. ಹೇಗೆ ಅಂತ ನನಗೆ ಹೇಳಬೇಡಿ." ಈ ಮಾತಿನ ಹಿಂದೆ ಅಡಗಿ ಕೂರಲು ಎಷ್ಟೋ ವರ್ಷ ನೋಡಿದೆ. ಆದರೆ ಸಿಲಿಂಡರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ನನ್ನ ತಲೆಯಲ್ಲೇ ಹುಟ್ಟಿದ್ದು.

ಜೀಪಿನಲ್ಲಿ ಹೇರಿಕೊಂಡು ಹೋದೆ. ಮನೆಯಲ್ಲಿ ಸರೋಜ ಎರಡು ದಿನ ಸೀಮೆಎಣ್ಣೆ ಸ್ಟವ್ವಿನಲ್ಲಿ ಅಡುಗೆ ಮಾಡಿದಳು. ಗುಂಡಿಯಿಂದ ಬರುವ ಪೈಪು ಶಾಲೆಯ ಜಗಲಿಗೆ ಹೋಗುವ ಮೊದಲು ಒಂದು ಮೇವಿನ ಕೋಣೆಯನ್ನು ಹಾದು ಹೋಗುತ್ತಿತ್ತು. ಅಲ್ಲಿ ಗುಂಡಿಯ ಕಡೆಯ ವಾಲ್ವು ಬಂದುಮಾಡಿ ಸಿಲಿಂಡರನ್ನು ಜೋಡಿಸಿದೆ. ಗೋಬರ್ ಗ್ಯಾಸಿನ ಒಲೆಗೆ ಸಿಲಿಂಡರಿನ ಗ್ಯಾಸು ಹೊಂದುವುದಿಲ್ಲ, ಮಸಿ ಕಾರುತ್ತದೆ. ಅದಕ್ಕೆ ನಮ್ಮ ಮನೆಯ ಒಲೆಯಿಂದಲೇ ಗ್ಯಾಸು ಚಿಮ್ಮುವ ಸಣ್ಣ ತೂತಿನ ಜೆಟ್ಟು ಬಿಚ್ಚಿ ತಂದು ಹಾಕಿದೆ. ಇಷ್ಟು ಶ್ರದ್ಧೆಯಿಂದ ನಾನು ನನ್ನ ಸರ್ವೀಸಿನಲ್ಲಿ ಇನ್ನಾವ ಕೆಲಸವನ್ನೂ ಮಾಡಲಿಲ್ಲ.

ಹೊಸ ಒಲೆ ಹಚ್ಚಿದರೆ ಮೊದಲು ಹಾಲುಕ್ಕಿಸಬೇಕು. ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಕಡ್ಡಿ ಗೀರಿದರು. ಒಲೆ ಭಗ್ಗೆಂದು ಹತ್ತಿ ನೀಲಿಯಾಗಿ ನಿಂತಿತು. ಊರಿಗೆ ಊರೇ ಓ ಎಂದಿತು. ಮುನೆಮ್ಮ ಅರಿಶಿನ ಕುಂಕುಮ ಹಚ್ಚಿದ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಹಾಲು ಪೂರ್ವದ ದಿಕ್ಕಿಗೆ ಉಕ್ಕಿ ಸುರಿಯಿತು. ಹೆಂಗಸರು ಕೈಮುಗಿದರು. ಆಕೆ ಮಾತ್ರ ಮೂಗು ಎಳೆದುಕೊಂಡು ನನ್ನ ಕಡೆ ತಿರುಗಿ, "ಇದೇನ್ ಸಾಮಿ, ಸಗಣಿ ವಾಸ್ನೇನೇ ಇಲ್ಲ. ಇದ್ಯಾವ್ದೋ ಪ್ಯಾಟೆ ಮನೆ ವಾಸ್ನೆ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಜೇಬಿನೊಳಗೆ ಕೀಲಿಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು.

ಆರುಮುಗಂ ಮೇಸ್ತ್ರಿ ಜನರ ಹಿಂದೆ ನಿಂತಿದ್ದರು. ಕಮಲಾ ಅವರನ್ನು ಊರಿಗಾಂನಲ್ಲಿ ರೈಲು ಹತ್ತಿಸಿ, ಬಂಗಾರಪೇಟೆಯಲ್ಲಿ ಬಸ್ಸು ಹಿಡಿಸಿ ಕರೆತಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕಣ್ಣಲ್ಲಿ ನೀರು. "ಪಾರು ಕಮಲಾ, ಪಾರು," ಎನ್ನುತ್ತಿದ್ದರು, ನೋಡು ನೋಡು ಎಂದು, ಮಗುವಿಗೆ ಚಂದಿರನನ್ನು ತೋರಿಸುವವರ ಹಾಗೆ. ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. ನಾನು "ನಿಮ್ಮ ಕೈಗುಣ, ಮೇಸ್ತ್ರಿ" ಎಂದೆ. ನನಗೆ ನೆನಪಿದೆ, ಇದೇ ಮಾತು ಎಂದೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಸಿಲಿಂಡರು ಮನೆಗೆ ಬಂತು, ಗುಂಡಿಯ ಉರಿಯದ ಗಾಳಿಯನ್ನು ಹೊರಗೆ ಬಿಟ್ಟೆ, ಡ್ರಮ್ಮು ತಳಕ್ಕೆ ಕೂತಿತು. ಸಗಣಿ ಬಂದರೆ ಮತ್ತೆ ಏಳುತ್ತದೆ, ಆಗ ನಿಜವಾದ ಉರಿ ಬರುತ್ತದೆ, ನನ್ನ ಸುಳ್ಳು ಅದರಲ್ಲಿ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಊರಿನವರು ಈಗಾಗಲೇ ಉರಿ ನೋಡಿಬಿಟ್ಟಿದ್ದರು. ಇಷ್ಟು ಸಗಣಿಗೇ ಅಷ್ಟು ಚೆನ್ನಾಗಿ ಉರಿಯಿತಲ್ಲ, ಇನ್ನೇಕೆ ಹೆಚ್ಚು ಹಾಕಬೇಕು? ತರುತ್ತಿದ್ದ ಪುಟ್ಟಿಗಳೂ ನಿಂತವು. ಇನ್ನೂ ತನ್ನಿ, ಸಾಲದು ಎಂದು ಕೇಳುವ ಮುಖ ನನಗೂ ಇರಲಿಲ್ಲ. ಡ್ರಮ್ಮು ಮತ್ತೆ ಏಳಲಿಲ್ಲ.

ಮೇಸ್ತ್ರಿ ಒಂದು ದಿನ ಕಚೇರಿಗೆ ಬಂದರು. "ಸಗಣಿ ಸಾಕಾಯ್ತಾ ಸಾರ್? ನಂಗ್ಯಾಕೋ ಸಗಣಿ ಕಮ್ಮಿ ಅನ್ಸುತ್ತೆ," ಎಂದು ಮೆಲ್ಲಗೆ ಕೇಳಿದರು. ಸರಿಯಾಗಿಯೇ ಕೇಳಿದ್ದರು. ನಾನು ಕಡತದಿಂದ ತಲೆಯೆತ್ತದೆ — ನಮ್ಮ ಸಾಹೇಬರ ಹಾಗೆಯೇ — "ಮೊದಲನೇ ದಿನ ಉರಿಯಲಿಲ್ಲವೇ ಮೇಸ್ತ್ರಿ? ನೀವೇ ನೋಡಿದಿರಲ್ಲ," ಎಂದೆ.

"ಔದು ಸಾರ್. ನೋಡ್ದೆ," ಎಂದು ಹೋದರು.

ಆ ಕ್ಷಣದಲ್ಲಿ ನಾನು ಮಾಡಿದ್ದೇನೆಂದು ನನಗೆ ಆಗ ಪೂರಾ ಗೊತ್ತಾಗಲಿಲ್ಲ. ಇಲಾಖೆ ಅವರನ್ನು ಅನುಮಾನಿಸುವ ಮೊದಲೇ, ಅವರು ತಮ್ಮನ್ನೇ ಅನುಮಾನಿಸುವ ಹಾಗೆ ಮಾಡಿದ್ದೆ.

ಬೇಸಿಗೆಯಲ್ಲಿ, ಗ್ಯಾಸು ಯಾಕೆ ನಿಂತಿತೆಂದು ವಿಚಾರಿಸಲು ಇಲಾಖೆಯ ಮೂವರು ಬಂದರು. ಪ್ರವಾಸಿ ಮಂದಿರದಲ್ಲಿ ಫ್ಯಾನಿನ ಕೆಳಗೆ ಕೂತು ಒಬ್ಬೊಬ್ಬರನ್ನೇ ಕೇಳಿದರು. ಸರ್ಕಾರ ಮುಂದಿನ ಡ್ರಮ್ಮುಗಳನ್ನು ಮಾಡಿಸಬೇಕೋ ಬೇಡವೋ, ಆ ಶೆಡ್ಡು ಇರಬೇಕೋ ಬೇಡವೋ, ಲೈನಿನಲ್ಲಿ ಕಾದು ನಿಂತವರು ಬರಬೇಕೋ ಬೇಡವೋ ಎಲ್ಲ ಆ ಕೋಣೆಯಲ್ಲೇ ತೀರ್ಮಾನವಾಗಬೇಕಿತ್ತು. ಒಬ್ಬರು ನನ್ನನ್ನು ಕೇಳಿದರು, "ಉದ್ಘಾಟನೆ ದಿನ ಉರಿಯಿತೇ?"

ಆರುಮುಗಂ ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು. ಅದೇ ಬಿಳಿ ಶರ್ಟು.

"ಉರಿಯಿತು, ಸಾರ್," ಎಂದೆ.

ಮುಗಿಯಿತು. ಆಮೇಲೆ ಅವರ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಡ್ರಮ್ಮು ಎದ್ದಿದೆ, ಒಲೆ ಉರಿದಿದೆ. ಅಂದಮೇಲೆ ಗ್ಯಾಸು ಹುಟ್ಟಿದೆ, ಸಗಣಿ ಸಾಕಾಗಿದೆ. ಆಮೇಲೆ ನಿಂತಿದೆ, ಅಂದಮೇಲೆ ಗ್ಯಾಸು ಸೋರಿದೆ. ಸೋರಿದೆ ಎಂದರೆ ಬೆಸುಗೆ. ಮೇಸ್ತ್ರಿ ಆಗ ಒಂದೇ ಒಂದು ಮಾತು ಕೇಳಿಕೊಂಡರು: "ಸೋಪ್ ನೀರ್ ಆಕಿ ನೋಡೋಣ ಸಾರ್. ನಿಮ್ ಕಣ್ಮುಂದೇನೆ." ಆ ಮೂವರಲ್ಲಿ ಹಿರಿಯರು ನನ್ನ ಮುಖ ನೋಡಿದರು. ನೊರೆ ಹಚ್ಚಿದ್ದರೆ ಗುಳ್ಳೆ ಬರುತ್ತಿರಲಿಲ್ಲ. ಗುಳ್ಳೆ ಬಾರದಿದ್ದರೆ ಹಾಗಾದರೆ ಅವತ್ತು ಉರಿದದ್ದೇನು ಎಂದು ಯಾರಾದರೂ ಕೇಳುತ್ತಿದ್ದರು. "ಬೇಡ ಮೇಸ್ತ್ರಿ, ಸಾಹೇಬರಿಗೆ ರೈಲಿನ ಹೊತ್ತಾಯಿತು," ಎಂದೆ.

ವರದಿಯ ಕರಡು ಬರೆಯುವ ಕೆಲಸವೂ ನನಗೇ ಬಂತು. ಅದರ ಒಂದು ವಾಕ್ಯ ನನಗೆ ಬಾಯಿಪಾಠ: 'ಬೆಸುಗೆಯಲ್ಲಿ ಲೋಪವಿದ್ದು, ಗಣಿ ಪ್ರದೇಶದ ಸ್ಥಳೀಯ ಕೆಲಸಗಾರರ ಕೈಕೆಲಸವನ್ನು ಇಂಥ ಉಪಕರಣಗಳಿಗೆ ನೆಚ್ಚಿಕೊಳ್ಳುವಂತಿಲ್ಲ.' ಒಬ್ಬರ ಮೇಲಿನ ಸುಳ್ಳು ಸಾಲದೆಂದು ಇಡೀ ಊರಿನ ಮೇಲೆ ಎಳೆದೆ. ಯಾಕೆ ಎಂದು ಕೇಳಿದರೆ — ವಾಕ್ಯ ದೊಡ್ಡದಾದಷ್ಟೂ ಒಬ್ಬರ ಮುಖ ಕಾಣುವುದಿಲ್ಲ. ಅಷ್ಟೇ ಇರಬೇಕು.

ಶೆಡ್ಡಿಗೆ ಬೀಗ ಬಿತ್ತು. ಡ್ರಮ್ಮು ಮಾಡುವ ಕೆಲಸ ದೂರದ ಯಾವುದೋ ಕಾರ್ಖಾನೆಗೆ ಹೋಯಿತು. ನಂದಿದುರ್ಗದ ಲೈನಿನಲ್ಲಿ ಕಾದು ನಿಂತವರು ಕಾಯುವುದನ್ನು ಬಿಟ್ಟು ಬೆಂಗಳೂರಿನ ರೈಲು ಹತ್ತತೊಡಗಿದರು, ಬೆಳಿಗ್ಗೆ ಹೋಗಿ ಸಂಜೆ ಬರುವ ಕೂಲಿಗೆ. ಸರೋಜ ಒಮ್ಮೆ, "ಆ ಮೇಸ್ತ್ರಿ ಏನಾದ್ರು?" ಎಂದು ಕೇಳಿದಳು. ಸಿಲಿಂಡರು ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಗೊತ್ತಿತ್ತು. "ಇಲಾಖೆ ನೋಡಿಕೊಳ್ಳುತ್ತೆ," ಎಂದೆ. ಅವಳು ಮತ್ತೆ ಕೇಳಲಿಲ್ಲ. ನನಗೆ ಬೇರೆ ಊರಿಗೆ ವರ್ಗವಾಯಿತು, ಬಡ್ತಿಯೂ ಆಯಿತು. ನಿವೃತ್ತಿಯಾದ ಮೇಲೆ ಬಂಗಾರಪೇಟೆಗೇ ಬಂದು ನೆಲೆಸಿದೆ.

ಇದೆಲ್ಲ ಹೀಗೇ ನನ್ನ ಜತೆ ಸುಟ್ಟು ಹೋಗುತ್ತಿತ್ತು. ಪಶ್ಚಾತ್ತಾಪ ತಾನಾಗಿ ಬಂತು ಎಂದು ಹೇಳಿದರೆ ಅದೂ ಒಂದು ಸಿಲಿಂಡರೇ. ನಡೆದದ್ದು ಬೇರೆ. ಕಳೆದ ತಿಂಗಳು ಇಲಾಖೆಯ ಹೊಸ ಅಧಿಕಾರಿಯೊಬ್ಬರು, ಚುರುಕು ಹೆಣ್ಣುಮಗಳು, ಹಳೆಯ ಕಡತವೊಂದನ್ನು ಹಿಡಿದುಕೊಂಡು ಮನೆಗೆ ಬಂದರು. ಗಣಿಯ ಕೆಲಸದಿಂದ ಇನ್ನಷ್ಟು ಜನರನ್ನು ಮನೆಗೆ ಕಳಿಸುತ್ತಿದ್ದಾರಂತೆ. ಸರ್ಕಾರ ಈಗ ಬಿಸಿಲಿನಿಂದ ನೀರು ಕಾಯಿಸುವ ಟ್ಯಾಂಕುಗಳನ್ನು ಮಾಡಿಸಬೇಕೆಂದಿದೆ. ಕೆಲಸವನ್ನು ಊರಿಗಾಂ, ನಂದಿದುರ್ಗದವರಿಗೇ ಕೊಡಬೇಕೆಂದು ಆಕೆಗೆ ಆಸೆ.

"ಆದರೆ ಸರ್, ಫೈಲಿನಲ್ಲಿ ಈ ವಾಕ್ಯ ಇದೆಯಲ್ಲ," ಎಂದು ತೆಗೆದು ತೋರಿಸಿದರು. ನೆಚ್ಚಿಕೊಳ್ಳುವಂತಿಲ್ಲ. "ಮೇಲಿನವರು ಇದನ್ನೇ ತೋರಿಸಿ ಬೇಡ ಅಂತಾರೆ. ನೀವು ಆಗ ಇದ್ದವರು. ಇದು ನಿಜವಾ ಸರ್?"

ಸರ್ಕಾರಕ್ಕೆ ಮರೆವು ಜಾಸ್ತಿ ಎಂದು ನಾವು ನಗುತ್ತಿದ್ದೆವು. ನನ್ನ ಕೈಬರಹದ ಆ ಒಂದು ಸಾಲನ್ನು ಮಾತ್ರ ಅದು ಹತ್ತು ವರ್ಷ ಜೋಪಾನ ಮಾಡಿತ್ತು. ಎರಡು ದಿನ ಸಮಯ ಕೊಡಮ್ಮ ಎಂದೆ.

ಮಾರನೆಯ ದಿನ ಊರಿಗಾಂನಲ್ಲಿ ಇಳಿದೆ. ಮೇಸ್ತ್ರಿಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಸೈಕಲ್ಲಿನ ಪಂಚರು ಹಾಕುತ್ತಾರೆ. ಒಂದು ಹಳೆಯ ಬಾಣಲೆಯಲ್ಲಿ ನೀರು, ಅದರಲ್ಲಿ ಟ್ಯೂಬನ್ನು ಮುಳುಗಿಸಿ, ಇಂಚಿಂಚೂ ಸರಿಸುತ್ತ, ಗುಳ್ಳೆ ಎಲ್ಲಿ ಬರುತ್ತದೆಂದು ಬಗ್ಗಿ ನೋಡುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಗುರುತು ಹಿಡಿದು, ಸ್ಟೂಲು ಒರಸಿ ಕೊಟ್ಟು, "ಕೂತ್ಕೊಳಿ ಸಾರ್," ಎಂದರು. ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಮಲಾ ತೀರಿಹೋಗಿ ಎರಡು ವರ್ಷವಾಯಿತಂತೆ.

ಅವರೇ ಡ್ರಮ್ಮಿನ ಮಾತು ತೆಗೆದರು. ಗುಜರಿಗೆ ಹೋಗುತ್ತಿದ್ದುದನ್ನು ಲೈನಿನವರೆಲ್ಲ ಸೇರಿ ತಂದು, ಮೇಲುಮುಖ ಮಾಡಿ ನಿಲ್ಲಿಸಿದ್ದಾರೆ. ನೀರು ಬಿಟ್ಟ ದಿನ ತುಂಬಿಸಿಕೊಂಡರೆ ಸಾಲಿಗೆಲ್ಲ ಆಗುತ್ತದೆ. "ಒಂದ್ ಅನಿ ಸೋರಿಲ್ಲ ಸಾರ್. ಸೋಪೂ ಆಕಿ ನೋಡಿದ್ದೆ ಶೆಡ್ನಲ್ಲೇ. ಗುಳ್ಳೆ ಬರ್ಲಿಲ್ಲ." ಟ್ಯೂಬನ್ನು ಇನ್ನೊಂದು ಇಂಚು ಸರಿಸಿ, "ಆದ್ರೂ ನೀರ್ ನಿಲ್ಲೋ ಕಡೆ ಗಾಳಿ ನಿಲ್ಬೇಕು ಅಂತ ಏನಿಲ್ಲ ಅಲ್ವಾ? ಎಲ್ಲೋ ಒಂದ್ ಕಡೆ ಕೈ ತಪ್ಪಿದೀನಿ. ಮೊದಲ್ನೇ ದಿನ ಉರಿದಿದ್ದು ನಾನೇ ನೋಡ್ದೋನು. ಅದ್ಕೇ ಆಮೇಲೆ ವೆಲ್ಡಿಂಗ್ ಮುಟ್ಲಿಲ್ಲ," ಎಂದರು.

ನಾನು ಹೇಳಿದೆ. ಸಿಲಿಂಡರು, ಮೇವಿನ ಕೋಣೆ, ಜೆಟ್ಟು, ಕೀಲಿ. ಆ ಮೂರು ದಿನ ಡ್ರಮ್ಮು ಒಂದು ಬೆರಳೂ ಇಳಿಯದ್ದು. ಸೋಪು ಬೇಡ ಎಂದದ್ದು ಯಾಕೆಂಬುದು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಕೈ ನಿಲ್ಲಿಸಲಿಲ್ಲ. ಟ್ಯೂಬು ನೀರಿನಲ್ಲಿ ತಿರುಗುತ್ತಲೇ ಇತ್ತು.

"ಅಪ್ಪೋ... ಅಂದ್ರೆ ನನ್ ಬೆಸ್ಗೆ ಸರಿ ಇತ್ತು."

"ಸರಿ ಇತ್ತು, ಮೇಸ್ತ್ರಿ."

ತಲೆಯಾಡಿಸಿದರು. ಮುಖದಲ್ಲಿ ಏನೋ ಸಡಿಲವಾದಂತೆ ಕಂಡಿತು. ನಾನು — ನಾಚಿಕೆ ಬಿಟ್ಟು ಹೇಳುತ್ತೇನೆ — ಒಳಗೊಳಗೇ ಹಗುರಾದೆ. ಕ್ಷಮೆ ಇನ್ನೇನು ಬಂತು ಎಂದುಕೊಂಡೆ. ಆಗ ಅವರ ಕೈ ನಿಂತಿತು.

"ಅಂಗಾದ್ರೆ ಆವತ್ತು ಉರಿದಿದ್ದು ನಂದಲ್ಲ."

ಬಾಣಲೆಯಿಂದ ಟ್ಯೂಬನ್ನು ಎತ್ತಿ ಪಕ್ಕಕ್ಕಿಟ್ಟರು.

"ಕಮಲಾ ಓಗೋವಾಗ ಏಳಿದ್ಲು ಸಾರ್. ಬಿಡು, ಮನಸ್ಗೆ ಅಚ್ಕೋಬೇಡ, ಒಂದ್ ದಿನ ಆದ್ರೂ ಉರೀತಲ್ಲ, ನಾನ್ ಕಣ್ಣಾರೆ ನೋಡಿದೀನಲ್ಲ ಅಂತ." ಒದ್ದೆ ಕೈಯನ್ನು ಲುಂಗಿಗೆ ಒರಸಿಕೊಂಡರು. "ಅದೊಂದ್ ಇಟ್ಕೊಂಡಿದ್ವಿ ಸಾರ್ ನಾವು."

ಹತ್ತು ವರ್ಷ ಆ ಮನುಷ್ಯ ತನ್ನ ಕೈ ತಪ್ಪಿತು ಎಂಬ ಭಾರ ಹೊತ್ತಿದ್ದರು. ಅದನ್ನು ಇಳಿಸಲು ಹೋದೆ. ಅದರ ಜೊತೆಗೆ ಅವರಲ್ಲಿ ಉಳಿದಿದ್ದ ಒಂದೇ ಒಂದು ಸಂತೋಷವೂ ಇತ್ತೆಂದು, ಅದೂ ನನ್ನ ಸುಳ್ಳಿನದೇ ಎಂದು, ಒಂದನ್ನು ಕಿತ್ತುಕೊಳ್ಳದೆ ಇನ್ನೊಂದನ್ನು ಕೊಡಲು ಬರುವುದಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಸತ್ತ ಹೆಂಗಸಿನ ಕಣ್ಣಿನಿಂದಲೂ ಕಿತ್ತುಕೊಂಡೆ. ಮೊದಲ ಸಲ ಮೋಸ ಮಾಡಿದಾಗ ನನಗೆ ಇಷ್ಟು ನೋವಾಗಿರಲಿಲ್ಲ.

ಅವರು ಟ್ಯೂಬನ್ನು ಕೈಗೆತ್ತಿಕೊಂಡರು. "ಬರ್ದು ಕೊಡಿ ಸಾರ್. ನಂಗಲ್ಲ, ಆ ಆಪೀಸ್ಗೆ. ಲೈನ್ನಲ್ಲಿ ಇನ್ನೂ ಕೈ ಇರೋರು ಇದಾರೆ. ಅವ್ರ್ ಎಸ್ರು ಯಾಕ್ ಕೆಡ್ಬೇಕು." ಟ್ಯೂಬನ್ನು ಮತ್ತೆ ನೀರಿಗೆ ಇಳಿಸಿದರು. ನನ್ನ ಕಡೆ ನೋಡದೆ, ಗದರದೆ, ಗಿರಾಕಿಗೆ ದಾರಿ ಹೇಳುವಂತೆ ಹೇಳಿದರು, "ಕೊಟ್ಮೇಲೆ ಈ ಕಡೆ ಬರ್ಬೇಡಿ ಸಾರ್."

ಬರೆದೆ. ಮೇಲೆ ಏನೇನು ಹೇಳಿದೆನೋ ಅಷ್ಟನ್ನೂ, ಹೆಸರು ಹುದ್ದೆ ಸಮೇತ, ಸಹಿ ಹಾಕಿ ಆ ಅಧಿಕಾರಿಗೆ ಕೊಟ್ಟೆ. ಆಕೆ ಓದಿ ಮುಗಿಸಿ, "ಸರ್, ಇದರಿಂದ ನಿಮ್ಮ ಪಿಂಚಣಿಗೆ..." ಎಂದು ನಿಲ್ಲಿಸಿದರು. ಆ ವಾಕ್ಯ ಇರುವ ಹಾಳೆಯ ಮೇಲೆಯೇ ಇದನ್ನು ಹೊಲಿಸಿ, ಅದನ್ನು ಓದುವವರು ಮೊದಲು ಇದನ್ನು ಓದುವ ಹಾಗೆ ಮಾಡಿ, ಅಷ್ಟು ಸಾಕು ಎಂದೆ. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಆ ಟ್ಯಾಂಕಿನ ಕೆಲಸ ಲೈನಿನವರಿಗೆ ಸಿಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಸಿಕ್ಕಿದರೂ ನಾನು ನೋಡಲು ಹೋಗುವುದಿಲ್ಲ. ಬರಬೇಡಿ ಎಂದಿದ್ದಾರೆ ಮೇಸ್ತ್ರಿ. ಅವರು ನನ್ನಿಂದ ಕೇಳಿದ ಎರಡು ಮಾತಿನಲ್ಲಿ — ಲೈನಿನವರ ಹೆಸರು ಉಳಿಸುವುದು, ಆ ಕಡೆ ಹೋಗದಿರುವುದು — ನಾನು ಪೂರ್ತಿಯಾಗಿ ನಡೆಸಿಕೊಡಬಹುದಾದದ್ದು ಅದೊಂದೇ.